ಫ್ರೀಜರಿನಲ್ಲಿ ಒಂಬತ್ತು ವರ್ಷದ ನಿಕೋಟಿನ್

2016ರ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಐಸ್ ತೆಗೆಯೋಣ ಅಂತ ಫ್ರೀಜರ್ ಬಾಗಿಲು ತೆಗೆದರೆ ಒಳಗೆ ಇಂಡಿಯನ್ ಸ್ಟೋರಿನ ಅವರೆಕಾಳು, ತೆಂಗಿನ ತುರಿ, ನುಗ್ಗೆಕಾಯಿ ಪ್ಯಾಕೆಟ್ಟುಗಳು. ಅವುಗಳ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಎರಡು ಕಂದು ಗಾಜಿನ ಬಾಟಲಿ. ‘ಅದನ್ನ ಮುಟ್ಟಬೇಡ ಕಣೋ, ನಿಮ್ಮ ಭಾವನ ಉಪ್ಪಿನಕಾಯಿ ಅದು’ ಅಂದಳು ಅಕ್ಕ.

ಬಾಟಲಿಯಲ್ಲಿದ್ದದ್ದು ನಿಕೋಟಿನ್. ಒಂದೊಂದರಲ್ಲಿ ಅರ್ಧ ಲೀಟರ್, ಪ್ರತಿ ಎಂಎಲ್‌ಗೆ 100 ಮಿಲಿಗ್ರಾಂ. ಭಾವ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ಸಿಗರೇಟ್ ಹಿಡಿದವರು. ಹದಿನೈದು ವರ್ಷ ಸೇದಿ, ಕೊನೆಗೆ ಅದನ್ನು ಬಿಟ್ಟು ವೇಪ್‌ಗೆ, ಅಂದರೆ ನಿಕೋಟಿನ್ ಬೆರೆಸಿದ ಲಿಕ್ವಿಡ್ ಕಾಯಿಸಿ ಆವಿ ಸೇದುವ ಇ-ಸಿಗರೇಟಿಗೆ ಬಂದಿದ್ದರು. ಆ ಬೇಸಿಗೆಯಲ್ಲಿ ಅಮೆರಿಕದಲ್ಲಿ ವೇಪ್ ಸೇದುವವರು ತುಂಬ ಜನ ಇದೇ ಕೆಲಸದಲ್ಲಿದ್ದರು. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಸೌದೆ, ಹಪ್ಪಳ, ಒಣಮೆಣಸು ಕೂಡಿಡುತ್ತಾರಲ್ಲ, ಹಾಗೆ. ಅವರು ಕಾಯುತ್ತಿದ್ದ ಮಳೆಯ ಹೆಸರು ಎಫ್‌ಡಿಎ.

ಆಗಿದ್ದು ಇಷ್ಟು. 2016ರ ಮೇ 5ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇ-ಸಿಗರೇಟನ್ನೂ ತಂಬಾಕಿನ ಲೆಕ್ಕಕ್ಕೆ ತಂದಿತು. ನಿಯಮ ಜಾರಿಯಾಗಿದ್ದು ಆಗಸ್ಟ್ 8ಕ್ಕೆ. ಅವತ್ತಿನಿಂದ ಹೊಸ ಮಾಲು ಅಂಗಡಿಗೆ ಬರಬೇಕಾದರೆ ಮೊದಲು ಒಪ್ಪಿಗೆ ಬೇಕು. ಆಗಲೇ ಮಾರುತ್ತಿದ್ದ ಮಾಲಿಗೂ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. 2007ರ ಫೆಬ್ರುವರಿ 15ಕ್ಕೆ ಮುಂಚೆ ಮಾರುಕಟ್ಟೆಯಲ್ಲಿದ್ದ ಮಾಲಿಗೆ ಮಾತ್ರ ಈ ತಾಪತ್ರಯ ಇಲ್ಲ. ಸಿಗರೇಟುಗಳ ಮಟ್ಟಿಗೆ ಈ ತಾರೀಖು ಒಳ್ಳೆಯ ರಿಯಾಯಿತಿ. ವೇಪ್ ಮಟ್ಟಿಗೆ ತಮಾಷೆ. 2007ರ ಆರಂಭದಲ್ಲಿ ಅಮೆರಿಕದಲ್ಲಿ ಇ-ಸಿಗರೇಟ್ ಅನ್ನುವುದೇ ಹೆಚ್ಚುಕಡಿಮೆ ಇರಲಿಲ್ಲ. ಸುಡುವ ಸಿಗರೇಟಿಗೆ ಬಾಗಿಲು ತೆಗೆದಿಟ್ಟು ಆವಿಗೆ ಬೀಗ ಹಾಕಿದರು ಅಂತ ವೇಪ್ ಸೇದುವವರು ಸಿಟ್ಟಾಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಅರ್ಜಿ ಅಂದರೆ ನಮ್ಮ ಗ್ರಾಮ ಪಂಚಾಯಿತಿಗೆ ಕೊಡುವ ಒಂದು ಹಾಳೆ ಅಲ್ಲ. ಒಂದೊಂದು ರುಚಿಗೆ, ಒಂದೊಂದು ಸಾಂದ್ರತೆಗೆ ಬೇರೆ ಬೇರೆ ಅರ್ಜಿ. ಒಳಗೆ ಏನಿದೆ, ಆವಿಯಲ್ಲಿ ಏನು ಬರುತ್ತದೆ, ಸಮಾಜದ ಒಟ್ಟು ಆರೋಗ್ಯಕ್ಕೆ ಒಳ್ಳೆಯದಾ ಕೆಟ್ಟದಾ, ಎಲ್ಲಕ್ಕೂ ಪುರಾವೆ ಕೊಡಬೇಕು. ಖರ್ಚು ಲಕ್ಷಗಟ್ಟಲೆ ಡಾಲರ್. ದೊಡ್ಡ ಸಿಗರೇಟ್ ಕಂಪನಿಗಳಿಗೆ ಇದು ಬಿಡಿಕಾಸು. ಹಿಂದಿನ ಕೋಣೆಯಲ್ಲಿ ಲಿಕ್ವಿಡ್ ಬೆರೆಸಿ ಮಾರುವ ಸಣ್ಣ ಅಂಗಡಿಯವನಿಗೆ ಬಾಗಿಲು ಹಾಕುವುದೇ ದಾರಿ. ‘ಅಂಗಡಿ ಇರಲ್ಲ ಅಂದಮೇಲೆ ನಾವೇ ಮಾಡ್ಕೊಳ್ಳೋದು’ ಅನ್ನುವ ಮಾತು ಹುಟ್ಟಿದ್ದು ಅಲ್ಲಿ.

ಮಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ಅವತ್ತು ಸಂಜೆ ಭಾವ ತೋರಿಸಿದರು. ಊಟದ ಟೇಬಲ್ ಮೇಲೆ ಹಳೆ ಪೇಪರ್ ಹಾಸಿ ಕೂತರು. ಸಣ್ಣ ಸ್ಕ್ರೂಡ್ರೈವರಿನ ಕಡ್ಡಿಗೆ ತಂತಿಯನ್ನು ಆರು ಸುತ್ತು ಸುತ್ತಿ ಎಳೆದರು. ಪೆನ್ನಿನ ಸ್ಪ್ರಿಂಗಿನಂಥ ಕಾಯಿಲ್ ಬಂತು. ಅದನ್ನು ಎರಡು ಸ್ಕ್ರೂಗೆ ಬಿಗಿದು, ಮಧ್ಯ ಹತ್ತಿ ತೂರಿಸಿದರು. ನೋಡುವುದಕ್ಕೆ ದೇವರ ಮನೆಯ ಬತ್ತಿಯೇ. ಹತ್ತಿಗೆ ನಾಲ್ಕು ಹನಿ ಲಿಕ್ವಿಡ್ ಬಿಟ್ಟು ಗುಂಡಿ ಒತ್ತಿದರೆ ಚುಯ್ ಅಂತ ಆವಿ. ತಂತಿ ಎಷ್ಟು ಉದ್ದ ಇದ್ದರೆ ಎಷ್ಟು ಓಮ್, ಬ್ಯಾಟರಿ ಎಷ್ಟು ಆಂಪಿಯರ್ ತಾಳುತ್ತದೆ ಅನ್ನುವುದು ಪಿಯುಸಿ ಲೆಕ್ಕ. ಅದೊಂದು ತಪ್ಪಿದರೆ ಬ್ಯಾಟರಿ ಜೇಬಿನಲ್ಲೇ ಕೈಕೊಡುತ್ತದೆ ಅಂತಲೂ ಹೇಳಿದರು.

ನನಗೆ ಕುತೂಹಲ ಅನ್ನಿಸಿದ್ದು ಟೇಬಲ್ ಮೇಲಿದ್ದ ಸಾಮಾನುಗಳು. ಒಂದೊಂದಕ್ಕೂ ಬೇರೆ ತವರುಮನೆ ಇದೆ.

ತಂತಿ ನೋಡಿ. ಕಾಂತಾಲ್ ಅಥವಾ ನಿಕ್ರೋಮ್. ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಗೊತ್ತಾಗದಂತೆ ಮ್ಯಾಗಿ ಮಾಡಿದವರಿಗೆ ಕರೆಂಟ್ ಒಲೆಯ ಸ್ಪ್ರಿಂಗ್ ನೆನಪಿರುತ್ತದೆ, ಅದೇ ಜಾತಿ. ಹತ್ತಿ ಎಲ್ಲ ಕಡೆ ಇದೆ. 18650 ಅನ್ನುವ ಬ್ಯಾಟರಿ ಹಳೆ ಲ್ಯಾಪ್‌ಟಾಪಿನಲ್ಲಿ, ಟಾರ್ಚಿನಲ್ಲಿ ಇರುವಂಥದ್ದು. ಲಿಕ್ವಿಡ್‌ನ ಮುಕ್ಕಾಲು ಭಾಗಕ್ಕೂ ಜಾಸ್ತಿ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಗ್ಲಿಸರಿನ್ ನಮ್ಮಲ್ಲಿ ತುಟಿ ಒಡೆದರೆ ಮೆಡಿಕಲ್ ಸ್ಟೋರಿನಿಂದ ತರುವುದು. ಪ್ರೊಪಿಲೀನ್ ಗ್ಲೈಕಾಲ್ ಔಷಧಿಯಲ್ಲಿ, ತಿಂಡಿಯಲ್ಲಿ, ನಾಟಕದ ಸ್ಟೇಜಿಗೆ ಹೊಗೆ ಬಿಡುವ ಯಂತ್ರದಲ್ಲಿ ಬಳಕೆಯಾಗುತ್ತದೆ. ರುಚಿಗೆ ಹಾಕುವ ಸ್ಟ್ರಾಬೆರಿ, ವೆನಿಲ್ಲಾ ಎಸೆನ್ಸ್ ಕೇಕ್ ಮಾಡುವವರ ಸರಕು. ಇವುಗಳಲ್ಲಿ ಯಾವುದನ್ನು ನಿಷೇಧಿಸುತ್ತೀರಿ? ಹತ್ತಿಯನ್ನಾ?

ಉಳಿದಿದ್ದು ಒಂದೇ, ನಿಕೋಟಿನ್. ಅದನ್ನು ಮನೆಯಲ್ಲಿ ಮಾಡುವುದಕ್ಕೆ ಆಗುವುದಿಲ್ಲ. ಬೇರೆ ಕೆಲಸಕ್ಕೆ ಬೇಕು ಅಂತ ಅಂಗಡಿಯಲ್ಲಿ ಕೇಳುವ ಹಾಗೂ ಇಲ್ಲ. ಹಾಗಾಗಿ ಹುಷಾರಾದವರು ತಂತಿ, ಹತ್ತಿಗೆ ತಲೆ ಕೆಡಿಸಿಕೊಳ್ಳಲಿಲ್ಲ, ನೇರ ನಿಕೋಟಿನ್ ಕೂಡಿಟ್ಟರು. ಸ್ವಾವಲಂಬನೆ ಅನ್ನುವ ದೊಡ್ಡ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಇಷ್ಟೇ: ಹತ್ತು ಸಾಮಾನಿನಲ್ಲಿ ಒಂಬತ್ತಕ್ಕೆ ಯಾರ ಹಂಗೂ ಇಲ್ಲ, ಹತ್ತನೆಯದಕ್ಕೆ ಪೂರಾ ಹಂಗು.

ಆ ಹತ್ತನೆಯದರ ಲೆಕ್ಕ ಮಜವಾಗಿದೆ. ಭಾವ ಸೇದುತ್ತಿದ್ದದ್ದು 6 ಮಿಲಿಗ್ರಾಮಿನ, ಅಂದರೆ ಪ್ರತಿ ಎಂಎಲ್‌ಗೆ 6 ಮಿಲಿಗ್ರಾಂ ನಿಕೋಟಿನ್ ಇರುವ ಲಿಕ್ವಿಡ್, ದಿನಕ್ಕೆ 5 ಎಂಎಲ್. ದಿನಕ್ಕೆ 30 ಮಿಲಿಗ್ರಾಂ ಆಯಿತು. ಎರಡು ಬಾಟಲಿ ಸೇರಿ ಒಂದು ಲೀಟರ್, ಅಂದರೆ ಒಂದು ಲಕ್ಷ ಮಿಲಿಗ್ರಾಂ. ಭಾಗಿಸಿದರೆ 3,300 ದಿನಕ್ಕೂ ಜಾಸ್ತಿ. ಒಂಬತ್ತು ವರ್ಷ! ಅವರೆಕಾಳಿನ ಎರಡು ಪ್ಯಾಕೆಟ್ ಹಿಡಿಯುವ ಜಾಗದಲ್ಲಿ. ಗಾಳಿ, ಬೆಳಕು, ಬಿಸಿ ಈ ಮೂರೂ ನಿಕೋಟಿನ್‌ಗೆ ಆಗುವುದಿಲ್ಲ, ಅದಕ್ಕೇ ಕಂದು ಗಾಜು, ಅದಕ್ಕೇ ಫ್ರೀಜರ್. ಅಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಮಂದವಾಗುತ್ತದೆ ಅಷ್ಟೆ. ಗಾಳಿ ತಗುಲಿದರೆ ಬಣ್ಣ ಮೊದಲು ತಿಳಿ ಹಳದಿ, ಆಮೇಲೆ ಚಹಾ ಡಿಕಾಕ್ಷನ್. ಒಂದು ಬಾಟಲಿ ತೆಗೆದಾಗ ಇನ್ನೊಂದರ ಮುಚ್ಚಳ ತೆಗೆಯಬಾರದು ಅಂತಲೇ ಅರ್ಧರ್ಧ ಲೀಟರಿನ ಎರಡು.

ಇಷ್ಟೆಲ್ಲಾ ತಯಾರಿಯಾದ ಮೇಲೆ ಮಳೆ ಬಂತಾ? ಬಂತು, ಆದರೆ ಹೇಳಿದ ದಿಕ್ಕಿನಿಂದ ಬರಲಿಲ್ಲ.

ಅರ್ಜಿಯ ಗಡುವು 2018ರ ಆಗಸ್ಟ್ ಅಂತ ಇತ್ತು. 2017ರಲ್ಲಿ ಎಫ್‌ಡಿಎ ಅದನ್ನು 2022ಕ್ಕೆ ತಳ್ಳಿತು. ಅಷ್ಟರಲ್ಲಿ ಹೈಸ್ಕೂಲ್ ಹುಡುಗರ ಬ್ಯಾಗಿನಲ್ಲಿ ಪೆನ್‌ಡ್ರೈವಿನಂಥ ಜೂಲ್ ಅನ್ನುವ ಇ-ಸಿಗರೇಟ್ ಕಾಣಿಸಿಕೊಂಡಿತು. ವೈದ್ಯರ ಸಂಘಟನೆಗಳು ಕೋರ್ಟಿಗೆ ಹೋದವು. ಕೋರ್ಟು ಗಡುವನ್ನು ಹಿಂದಕ್ಕೆ ಎಳೆಯಿತು. ಕೊರೊನಾ ಬಂದು ಅದು ಸ್ವಲ್ಪ ಮುಂದೆ ಹೋಗಿ, ಕೊನೆಗೆ 2020ರ ಸೆಪ್ಟೆಂಬರ್ 9ಕ್ಕೆ ನಿಂತಿತು. ಅರವತ್ತು ಲಕ್ಷಕ್ಕೂ ಜಾಸ್ತಿ ಮಾಲುಗಳಿಗೆ ಅರ್ಜಿ ಬಿದ್ದವು. 2025ರ ಜುಲೈ ಹೊತ್ತಿಗೆ ಒಪ್ಪಿಗೆ ಸಿಕ್ಕಿದ್ದು 39ಕ್ಕೆ. ಹೆಚ್ಚಿನವು ದೊಡ್ಡ ಕಂಪನಿಗಳವು, ರುಚಿ ತಂಬಾಕು ಅಥವಾ ಮೆಂಥಾಲ್. ಇನ್ನೊಂದು ಕಡೆ ಚೀನಾದಿಂದ ಬಂದ, ಒಪ್ಪಿಗೆಯೇ ಇಲ್ಲದ ಬಣ್ಣಬಣ್ಣದ, ಸೇದಿ ಬಿಸಾಡುವ ಡಿಸ್ಪೋಸಬಲ್ ವೇಪ್‌ಗಳು ಪೆಟ್ರೋಲ್ ಬಂಕಿನ ಅಂಗಡಿಗಳಲ್ಲೂ ಸಿಗುತ್ತಿದ್ದವು. 2016ರಲ್ಲಿ ಹೆದರಿ ಕೂಡಿಟ್ಟವರು ಇದನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗದೆ ಕೂತರು.

ನಿಜವಾದ ಪೆಟ್ಟು ಕೊಟ್ಟಿದ್ದು ಅಂಚೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಪಾಸು ಮಾಡಿದ ದೊಡ್ಡ ಬಜೆಟ್ ಮಸೂದೆಯೊಳಗೆ ಒಂದು ತುಂಡು ಕಲಮು ಸೇರಿತ್ತು. ಸಿಗರೇಟನ್ನು ಅಂಚೆಯಲ್ಲಿ ಕಳಿಸಬಾರದು ಅನ್ನುವ ಹಳೆ ಕಾನೂನಿಗೆ ವೇಪ್ ಕೂಡ ಬಂತು. ಬರೀ ಯಂತ್ರ ಅಲ್ಲ, ಅದರ ಲಿಕ್ವಿಡ್, ಬಿಡಿಭಾಗ ಎಲ್ಲವೂ. ಖಾಸಗಿ ಕೊರಿಯರ್‌ಗಳಲ್ಲಿ ಫೆಡೆಕ್ಸ್ 2021ರ ಮಾರ್ಚಿನಿಂದ, ಯುಪಿಎಸ್ ಏಪ್ರಿಲಿನಿಂದ ಸಾಗಿಸುವುದನ್ನು ನಿಲ್ಲಿಸಿದವು. ಸರಕಾರಿ ಅಂಚೆ ಅಕ್ಟೋಬರಿನಲ್ಲಿ. ಐದು ವರ್ಷ ಎಲ್ಲರೂ ಎಫ್‌ಡಿಎ ಬಾಗಿಲನ್ನೇ ನೋಡುತ್ತಾ ಕೂತಿದ್ದರು, ಮುಚ್ಚಿದ್ದು ಪೋಸ್ಟ್‌ಮ್ಯಾನ್ ಬರುವ ಬಾಗಿಲು.

ಇನ್ನೊಂದು ಕಿಂಡಿಯೂ ಮುಚ್ಚಿತು. ಎಫ್‌ಡಿಎ ಕೈಯಲ್ಲಿದ್ದ ಕಾನೂನು ತಂಬಾಕಿನಿಂದ ಬಂದ ನಿಕೋಟಿನ್‌ಗೆ ಮಾತ್ರ ಅನ್ವಯವಾಗುತ್ತಿತ್ತು. ಹಾಗಾದರೆ ಲ್ಯಾಬಿನಲ್ಲಿ ಮಾಡಿದ ನಿಕೋಟಿನ್ ಮಾರುತ್ತೇವೆ ಅಂತ ಕೆಲವರು ಹೊರಟರು. 2022ರ ಮಾರ್ಚಿನಲ್ಲಿ ಸಂಸತ್ತು ಅದನ್ನೂ ಸೇರಿಸಿತು.

ಬ್ರಿಟನ್ನಿನ ಕಥೆ ಬೇರೆ ಥರ. ಯುರೋಪಿನ ನಿಯಮ 2016ರ ಮೇ 20ರಿಂದ ಬಂದಾಗ ನಿಕೋಟಿನ್ ಇರುವ ಬಾಟಲಿ 10 ಎಂಎಲ್ ಮೀರಬಾರದು, ಸಾಂದ್ರತೆ ಪ್ರತಿ ಎಂಎಲ್‌ಗೆ 20 ಮಿಲಿಗ್ರಾಂ ಮೀರಬಾರದು ಅಂತಾಯಿತು. ಅಂಗಡಿಯವರು ಎರಡೇ ದಿನ ಯೋಚಿಸಿದರೋ ಏನೋ. ನಿಕೋಟಿನ್ ಇಲ್ಲದ 50 ಎಂಎಲ್ ಲಿಕ್ವಿಡನ್ನು 60 ಎಂಎಲ್ ಬಾಟಲಿಯಲ್ಲಿ ಹಾಕಿ, ಮೇಲೆ ಜಾಗ ಬಿಟ್ಟು ಮಾರಿದರು. ಪಕ್ಕದಲ್ಲೇ 18 ಮಿಲಿಗ್ರಾಮಿನ 10 ಎಂಎಲ್ ನಿಕೋಟಿನ್ ಶಾಟ್. ಮನೆಗೆ ತಂದು ಒಂದರೊಳಗೆ ಇನ್ನೊಂದನ್ನು ಸುರಿದು ಅಲ್ಲಾಡಿಸಿದರೆ 3 ಮಿಲಿಗ್ರಾಮಿನ 60 ಎಂಎಲ್. ಕಾನೂನು ಮುರಿಯಲಿಲ್ಲ, ಗ್ರಾಹಕನೇ ಕಾಂಪೌಂಡರ್ ಆದ ಅಷ್ಟೆ.

ಈಗ ಅಲ್ಲಿ ಸರಕಾರ ಆ ಲೆಕ್ಕಕ್ಕೆ ಮರುಲೆಕ್ಕ ಹಾಕಿದೆ. 2026ರ ಅಕ್ಟೋಬರ್ 1ರಿಂದ ವೇಪ್ ಲಿಕ್ವಿಡ್ ಮೇಲೆ ಪ್ರತಿ 10 ಎಂಎಲ್‌ಗೆ 2.20 ಪೌಂಡ್ ಸುಂಕ ಅಂತ ನಿಗದಿ ಮಾಡಿದೆ. ನಿಕೋಟಿನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೇಲಿನ 60 ಎಂಎಲ್ ಜೋಡಿಗೆ ಸುಂಕವೇ 13.20 ಪೌಂಡ್, ಅದರ ಮೇಲೆ 20% ವ್ಯಾಟ್ ಹಾಕಿದರೆ 15.84. ಅಷ್ಟು ಕೊಡುವವನು ಒಂದು ಸಲವಾದರೂ ಗ್ಲಿಸರಿನ್ ಡಬ್ಬಿ, ಎಸೆನ್ಸ್ ಬಾಟಲಿ ಕಡೆ ಕಣ್ಣು ಹಾಯಿಸದೆ ಇರುತ್ತಾನಾ? ಸುಂಕದ ಉದ್ದೇಶ ಮಕ್ಕಳ ಕೈಗೆ ಅಗ್ಗದ ಲಿಕ್ವಿಡ್ ಸಿಗದಂತೆ ಮಾಡುವುದು. ಅದು ತಪ್ಪು ಅಂತ ನಾನು ಹೇಳಲಾರೆ. ಆದರೆ ಬೆಲೆ ಏರಿದಷ್ಟೂ ಅಡುಗೆಮನೆಯ ಆಕರ್ಷಣೆ ಏರುತ್ತದೆ.

ಆಸ್ಟ್ರೇಲಿಯಾ ಇವರಿಬ್ಬರಿಗಿಂತ ಬಿಗಿ ಹಿಡಿಯಿತು. 2021ರ ಅಕ್ಟೋಬರಿನಿಂದ ನಿಕೋಟಿನ್ ವೇಪ್ ಬೇಕಾದರೆ ಡಾಕ್ಟರ ಚೀಟಿ, 2024ರ ಜುಲೈನಿಂದ ಮಾರಾಟ ಔಷಧಿ ಅಂಗಡಿಯಲ್ಲಿ ಮಾತ್ರ. ಕಾಳಸಂತೆ ಮಾತ್ರ ಜೋರಾಗಿ ಬೆಳೆಯಿತು. ಕಳ್ಳ ಸಿಗರೇಟು, ವೇಪ್ ವ್ಯಾಪಾರದ ಹಿಡಿತಕ್ಕಾಗಿ ಗ್ಯಾಂಗುಗಳು ಹೊಡೆದಾಡಿ, ವಿಕ್ಟೋರಿಯಾ ರಾಜ್ಯದಲ್ಲಿ ತಂಬಾಕು ಅಂಗಡಿಗಳಿಗೆ ಸಾಲಾಗಿ ಬೆಂಕಿ ಬಿತ್ತು.

ನಮ್ಮಲ್ಲಿ ಹೇಗೆ ಅಂತ ಕೇಳುತ್ತೀರಿ. ಭಾವ ಬಾಟಲಿ ಕೂಡಿಟ್ಟ ಅದೇ 2016ರಲ್ಲಿ ಕರ್ನಾಟಕ ಸರಕಾರ ಇ-ಸಿಗರೇಟ್ ಮಾರಾಟ ನಿಷೇಧಿಸಿತು. ಮೂರು ವರ್ಷದ ಮೇಲೆ, 2019ರ ಸೆಪ್ಟೆಂಬರ್ 18ರಂದು, ಕೇಂದ್ರದ ಸುಗ್ರೀವಾಜ್ಞೆ ಬಂತು. ಡಿಸೆಂಬರಿನಲ್ಲಿ ಅದೇ ಕಾಯ್ದೆಯಾಯಿತು. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು, ಯಾಕೆಂದರೆ ಅಮೆರಿಕದವರು ಬಿಟ್ಟ ಕಿಂಡಿಗಳನ್ನು ಇದು ಮೊದಲೇ ಮುಚ್ಚಿದೆ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ, ಐದು ಲಕ್ಷದವರೆಗೆ. ದಾಸ್ತಾನಿಗೆ ಬೇರೆಯೇ ಕಲಮು: ಆರು ತಿಂಗಳವರೆಗೆ ಜೈಲು ಅಥವಾ ಐವತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಮುಂಚೆಯೇ ದಾಸ್ತಾನು ಇದ್ದವರು ತಾವಾಗಿಯೇ ಪಟ್ಟಿ ಮಾಡಿ ಒಪ್ಪಿಸಬೇಕು ಅಂತಲೂ ಬರೆದಿದೆ. ತಯಾರಿಕೆ ಅಂದರೆ ಕಾರ್ಖಾನೆ ಅಂದುಕೊಂಡರೆ ತಪ್ಪಾಯಿತು. ಇ-ಸಿಗರೇಟನ್ನು ಅಥವಾ ಅದರ ಯಾವುದೇ ಭಾಗವನ್ನು ಮಾಡುವುದು, ಜೋಡಿಸುವುದು ಎಲ್ಲ ಸೇರಿದೆ. ಭಾವ ಊಟದ ಟೇಬಲ್ ಮೇಲೆ ಆರು ಸುತ್ತು ಸುತ್ತಿದರಲ್ಲ, ದಾವಣಗೆರೆಯಲ್ಲಿ ಕೂತು ಸುತ್ತಿದ್ದರೆ ಅದೂ ಅದೇ. ಸೇದುವುದಕ್ಕೆ ಅಂತ ಪ್ರತ್ಯೇಕ ಶಿಕ್ಷೆ ಬರೆದಿಲ್ಲ, ನಿಜ. ಆದರೆ ವಿದೇಶದಿಂದ ಜೇಬಿನಲ್ಲಿಟ್ಟುಕೊಂಡು ಇಳಿದರೂ ಅದು ಆಮದೇ.

ಇಷ್ಟಿದ್ದೂ ಬೆಂಗಳೂರಿನಲ್ಲಿ ವೇಪ್ ಸಿಗುವುದಿಲ್ಲವಾ ಅಂದರೆ, ಸಂಜೆ ಒಂದು ಕಾಲೇಜಿನ ಹಿಂದಿನ ರಸ್ತೆಯಲ್ಲಿ ನಡೆದು ನೋಡಿ.

ಇನ್ನೊಂದು ತಮಾಷೆ. ಹೊಗೆಸೊಪ್ಪಿನ ದಂಟು, ಪುಡಿ, ಕಸದಿಂದ ನಿಕೋಟಿನ್ ತೆಗೆದು ಹೊರದೇಶಕ್ಕೆ ಕಳಿಸುವ ದೇಶಗಳಲ್ಲಿ ಭಾರತ ದೊಡ್ಡದು. ಇ-ಸಿಗರೇಟ್ ನಮ್ಮಲ್ಲಿ ನಿಷೇಧ, ಅದರೊಳಗಿನ ಜೀವದ್ರವ್ಯ ನಮ್ಮ ರಫ್ತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಈ ದ್ರವ್ಯದ ಗುಣ ಗೊತ್ತಿಲ್ಲದ್ದೇನಲ್ಲ. ಹೊಗೆಸೊಪ್ಪಿನ ಕಷಾಯ ಮಾಡಿ ಗಿಡದ ಹೇನಿಗೆ ಸಿಂಪಡಿಸುವುದು ಹಳೆಯ ಪದ್ಧತಿ. ಒದ್ದೆ ಎಲೆ ಕೊಯ್ದವರಿಗೆ ತಲೆ ಸುತ್ತಿ ವಾಂತಿಯಾಗುವುದೂ ಉಂಟು, ಚರ್ಮದಿಂದಲೇ ಒಳಗೆ ಇಳಿಯುತ್ತದೆ.

ಫ್ರೀಜರಿನ ಬಾಟಲಿಯನ್ನು ನಾನು ಆ ಕಣ್ಣಿನಿಂದ ನೋಡಿರಲಿಲ್ಲ. ಒಂದು ಸಿಗರೇಟು ಸೇದಿದರೆ ಮೈಗೆ ಸೇರುವುದು ಸುಮಾರು ಒಂದು ಮಿಲಿಗ್ರಾಂ ನಿಕೋಟಿನ್. ಆ ಬಾಟಲಿಯ ಒಂದೇ ಎಂಎಲ್‌ನಲ್ಲಿ ನೂರು. ಕೈ ಮೇಲೆ ಚೆಲ್ಲಿದರೆ ತಕ್ಷಣ ತೊಳೆಯಬೇಕು, ಬೆರೆಸುವಾಗ ಗ್ಲೌಸ್ ಬೇಕು. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ನಿಕೋಟಿನ್ ದ್ರವ ಕುಡಿದು ತೀರಿಹೋಯಿತು. ಮಕ್ಕಳ ಕೈಗೆ ತೆರೆಯದ ಮುಚ್ಚಳ ಹಾಕಲೇಬೇಕು ಅಂತ ಅಮೆರಿಕ 2016ರ ಜನವರಿಯಲ್ಲಿ ಕಾನೂನು ತಂದಿತು. ಅಂಗಡಿ ಬಾಟಲಿಗೆ ಆ ಮುಚ್ಚಳ ಇರುತ್ತದೆ. ಮನೆಯಲ್ಲಿ ಬೆರೆಸಿ ಹಳೆ ಡ್ರಾಪರ್ ಬಾಟಲಿಗೆ ತುಂಬಿದವನ ಮುಚ್ಚಳವನ್ನು ಯಾರು ನೋಡುತ್ತಾರೆ?

ಎಸೆನ್ಸ್ ವಿಷಯವೂ ಹಾಗೇ. ತಿನ್ನುವುದಕ್ಕೆ ಸರಿ ಅಂದಮಾತ್ರಕ್ಕೆ ಉಸಿರಾಡುವುದಕ್ಕೆ ಸರಿ ಅಂತ ಅಲ್ಲ. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಪಾಪ್‌ಕಾರ್ನ್ ಕಾರ್ಖಾನೆ ಕೆಲಸಗಾರರ ಶ್ವಾಸಕೋಶ ಹಾಳುಮಾಡಿದ್ದು ದಾಖಲಾಗಿದೆ. ಹಾರ್ವರ್ಡಿನವರು 2015ರಲ್ಲಿ 51 ವೇಪ್ ರುಚಿಗಳನ್ನು ಪರೀಕ್ಷಿಸಿದಾಗ 39ರಲ್ಲಿ ಅದು ಸಿಕ್ಕಿತು. 2019ರಲ್ಲಂತೂ ಅಮೆರಿಕದಲ್ಲಿ ವೇಪ್ ಸೇದಿದವರು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರುವರಿ ಹೊತ್ತಿಗೆ ಆಸ್ಪತ್ರೆ ಸೇರಿದವರು, ಸತ್ತವರು ಎಲ್ಲ ಸೇರಿ 2,807 ಜನ, ಅವರಲ್ಲಿ ಸತ್ತವರು 68. ಮುಖ್ಯ ಕಾರಣ ಅಂತ ಕಂಡುಬಂದಿದ್ದು ಗಾಂಜಾ ಎಣ್ಣೆಯ ಕಳ್ಳಮಾಲಿಗೆ ದಪ್ಪ ಬರಲಿ ಅಂತ ಬೆರೆಸಿದ ವಿಟಮಿನ್ ಇ ಅಸಿಟೇಟ್. ಎಲ್ಲೋ ಯಾರೋ ಬೆರೆಸಿದ್ದು. ಬಾಟಲಿಯೊಳಗೆ ಏನಿದೆ ಅಂತ ತಿಳಿಯಲಿ ಅನ್ನುವುದು ನಿಯಮದ ಮೂಲ ಆಸೆ. ಅರ್ಜಿಯ ಗೋಡೆ ಅಷ್ಟು ಎತ್ತರ ಕಟ್ಟಿದ್ದರಿಂದ ಒಂದಷ್ಟು ಬಾಟಲಿಗಳು ಯಾರೂ ನೋಡದ ಜಾಗಕ್ಕೆ ಹೋದವು. ತಪ್ಪು ನಿಯಮದ್ದಾ, ಗೋಡೆಯ ಎತ್ತರದ್ದಾ ಅಂದರೆ ನಾನು ಎತ್ತರದ್ದು ಅಂತೀನಿ.

ಭಾವನ ಲೆಕ್ಕದಲ್ಲಿ ಸೇರದೇ ಹೋದ ಒಂದು ಅಂಶ ಇತ್ತು. ಅವರು ವೇಪ್ ಶುರುಮಾಡಿದ್ದು 18 ಮಿಲಿಗ್ರಾಮಿನಿಂದ. ಅಂಗಡಿಗೆ ಹೋದಾಗಲೆಲ್ಲಾ ಒಂದು ಮೆಟ್ಟಿಲು ಇಳಿಸುತ್ತಿದ್ದರು. 12, ಆಮೇಲೆ 6. ಮುಂದಿನ ಸಲ 3, ಅದರಾಚೆ ಸೊನ್ನೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದರು. ಫ್ರೀಜರ್ ತುಂಬಿದ ಮೇಲೆ ಆ ಮುಂದಿನ ಸಲ ಬರಲೇ ಇಲ್ಲ. ಅಂಗಡಿಗೆ ಹೋಗುವ ಕೆಲಸವೇ ಇಲ್ಲವಲ್ಲ. ಪ್ರತಿ ಸಲ ದುಡ್ಡು ಕೊಡುವಾಗ ‘ಇನ್ನೂ ಬೇಕಾ?’ ಅಂತ ಒಂದು ಕ್ಷಣ ಕೇಳಿಕೊಳ್ಳುತ್ತಿದ್ದರು, ಆ ಕ್ಷಣ ಹೋಯಿತು. ಆರು ವರ್ಷ 6 ಮಿಲಿಗ್ರಾಮಿನಲ್ಲೇ ಕಳೆದರು. ಸರಕಾರ ಕಿತ್ತುಕೊಳ್ಳುತ್ತದೆ ಅನ್ನುವ ಭಯ ಇಲ್ಲದಿದ್ದರೆ 2017ರಲ್ಲೇ ಬಿಡುತ್ತಿದ್ದೆನೇನೋ ಅಂತ ಒಂದು ಸಲ ಫೋನಿನಲ್ಲಿ ಅಂದರು. ಅದು ನಿಜವೋ, ಸುಮ್ನೆ ಸಮಾಧಾನಕ್ಕೆ ಹೇಳಿದ್ದೋ, ನಾನು ಕೇಳಲಿಲ್ಲ.

ಬಿಟ್ಟಿದ್ದು 2022ರಲ್ಲಿ. ಎರಡನೇ ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಪಾಲಿನಷ್ಟು ಉಳಿದಿತ್ತು. ಸಿಂಕಿಗೆ ಸುರಿಯುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗಿಲ್ಲ. ಹಳೆ ಪೇಂಟು, ಕೀಟನಾಶಕ, ಬ್ಯಾಟರಿ ತಂದು ಕೊಡಿ ಅಂತ ಅಲ್ಲಿನ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಆಗಾಗ ಒಂದು ಶನಿವಾರ ಇಡುತ್ತಾರೆ. ಅಕ್ಕ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ, ಎರಡು ಸಲ ಮರೆತೂ ಹೋಗಿದೆ. ಹೋದ ತಿಂಗಳು ವಿಡಿಯೋ ಕಾಲಿನಲ್ಲಿ ಫ್ರೀಜರ್ ತೆಗೆದು ತೋರಿಸಿದಳು. ಅವರೆಕಾಳಿನ ಹಿಂದೆ ಬಾಟಲಿ ಅಲ್ಲೇ ಇತ್ತು. ‘ತೆಗೆದು ಬಿಸಾಕೋಕೂ ಆಗಲ್ಲ, ಇಟ್ಕೊಳ್ಳೋಕೂ ಭಯ ಕಣೋ’ ಅಂದಳು. ಹಿಂದಿನಿಂದ ಭಾವನ ಧ್ವನಿ ಕೇಳಿತು: ‘ಈ ಶನಿವಾರ ಗ್ಯಾರಂಟಿ.’